ಕೆಂಚಿ ಸತ್ತಿಲ್ಲ

"ನೀವೇ ಹೇಳಿ ಮೇಡಂ. ನಾನು ಹೇಳಿದ್ರೆ, ನಾನೇ ಕಲಿಸಿಕೊಟ್ಟೆ ಅಂತೀರ," ಎಂದಳು ಮೋನಿಷಾ.

ಭಾಗ್ಯಶ್ರೀ ಗಂಟಲು ಸರಿಮಾಡಿಕೊಂಡಳು. ಪೊಲೀಸ್ ಇಲಾಖೆ ಬಿಟ್ಟು ಆರ್.ಟಿ. ನಗರದಲ್ಲಿ ಸ್ವಂತ ಪತ್ತೇದಾರಿ ಕಚೇರಿ ತೆರೆದವಳು ಅವಳು. ಕಳ್ಳರ ಮುಖಕ್ಕೆ ಮುಖ ಕೊಟ್ಟು ಮಾತಾಡಿದವಳಿಗೆ, ಎದುರಿಗೆ ನಿಂತು ತನ್ನನ್ನೇ ದಿಟ್ಟಿಸುತ್ತಿದ್ದ ಈ ನಾಯಿಯನ್ನು ನೋಡಲು ಧೈರ್ಯ ಸಾಲುತ್ತಿರಲಿಲ್ಲ. ಚಿಕ್ಕಂದಿನಿಂದಲೂ ನಾಯಿಯೆಂದರೆ ಅವಳಿಗೆ ಅಳುಕು.

ಆದರೆ ನಾಯಿಯ ಕಣ್ಣಲ್ಲಿ ಕೋಪವಿರಲಿಲ್ಲ, ಕಾತರವಿತ್ತು. ಕೆಂಚು ಮೈ, ಬಿಳಿ ಎದೆ, ನೆಟ್ಟಗೆ ನಿಂತ ಒಂದು ಕಿವಿ, ಅರ್ಧಕ್ಕೆ ಮಡಚಿದ ಇನ್ನೊಂದು. ಬಾರ್ಡರ್ ಕೋಲಿ. ಕುರಿಮಂದೆ ಕಾಯಲೆಂದೇ ತಲೆಮಾರುಗಳಿಂದ ಬೆಳೆಸಿದ ತಳಿ. ಕೆಲಸ ಹೇಳದಿದ್ದರೆ ಇವಕ್ಕೆ ಊಟ ಸೇರುವುದಿಲ್ಲವಂತೆ.

ಅಲ್ಲಾಳಸಂದ್ರ ಕೆರೆಯ ಹಿಂಬದಿಯ ಖಾಲಿ ಸೈಟೊಂದಕ್ಕೆ ಬೇಲಿ ಹಾಕಿ, ನಾಯಿಗಳ ಅಡೆತಡೆ ಓಟಕ್ಕೆಂದು ಅಜಿಲಿಟಿ ಮೈದಾನ ಮಾಡಿದ್ದರು. ಹಾರಲು ಅಡ್ಡಪಟ್ಟಿ, ನುಗ್ಗಲು ಬಟ್ಟೆಯ ಸುರಂಗ, ಹತ್ತಿ ಇಳಿಯಲು ಹಲಗೆ. ಕೊನೆಯಲ್ಲಿ ಸಾಲಾಗಿ ನೆಟ್ಟ ಕಂಬಗಳು. ನಾಯಿ ಒಂದು ಕಂಬದ ಎಡಕ್ಕೆ, ಮುಂದಿನದರ ಬಲಕ್ಕೆ ಹಾಯುತ್ತ ಓಡಬೇಕು. ಮೋನಿಷಾ ಅದಕ್ಕೆ ಇಂಗ್ಲಿಷಿನಲ್ಲಿ 'ವೀವ್' ಎನ್ನುತ್ತಿದ್ದಳು.

ಈ ನಾಯಿ ಈಗ ಮೋನಿಷಾಳ ರೂಬಿ. ಆದರೆ ಎರಡು ವರ್ಷದ ಹಿಂದೆ ಸತ್ತಿತೆಂದು ತಾವು ಅತ್ತು ಮುಗಿಸಿದ ಕೆಂಚಿಯೇ ಇದು ಎನ್ನುವುದು, ಬೇಲಿಯಾಚೆಯಿಂದ ಇದನ್ನು ಕಂಡ ಕೆಂಚಿಯ ಒಡೆಯ ನರಸಿಂಹಯ್ಯನವರ ಹಟ. ಕಳೆದ ವಾರ, ಗುರುತಿಗೆಂದು ಚರ್ಮದಡಿ ಹಾಕಿದ ಚಿಪ್‌ನ ಸಂಖ್ಯೆ ತಾಳೆಯಾಗದೆ ಆ ಹಟ ನೆಲ ಕಚ್ಚಿತ್ತು.

ಆದರೂ ಮುದುಕರು ಬಿಟ್ಟಿರಲಿಲ್ಲ. ನಿನ್ನೆ ಭಾಗ್ಯಶ್ರೀಯ ಕಚೇರಿಯ ಮೆಟ್ಟಿಲು ಹತ್ತಿ ಬಂದು ಹೇಳಿದ್ದರು.

"ಆ ಈವು ಗೀವು ಅನ್ನೋದು ನನ್ ನಾಲ್ಗೆಗೆ ತಿರುಗಾಕಿಲ್ಲ ಕಣಮ್ಮ. ನಮ್ಮವಳು ರವಿಕೆ ಹೊಲಿಯೋಳು. ಕಂಬದ್ ಸಾಲು ನೋಡಿ, 'ಸೂಜಿ ಬಟ್ಟೇಲಿ ಓಗಿ ಬರಂಗೈತೆ, ಹೊಲಿ ಅನ್ನಿ ಸಾಕು' ಅಂದ್ಲು. ಅದನ್ನೇ ಕಲಿಸ್ದೆ. ಆ ಮಾತು ನಮ್ ಕೆಂಚಿ ಬಿಟ್ರೆ ಲೋಕದಾಗೆ ಯಾವ್ ನಾಯಿಗೂ ಗೊತ್ತಿಲ್ಲ."

ಭಾಗ್ಯಶ್ರೀ ಕಂಬಗಳ ಕಡೆ ಕೈ ತೋರಿಸಿದಳು. "ಹೊಲಿ."

ನಾಯಿ ಕತ್ತು ಓರೆ ಮಾಡಿತು. ಅಷ್ಟೇ.

"ಹೊಲಿ," ಇನ್ನೂ ಗಟ್ಟಿಯಾಗಿ.

ನಾಯಿ ಮೋನಿಷಾಳ ಮುಖ ನೋಡಿತು. ಏನು ಹೇಳುತ್ತಿದ್ದಾರೆ ಇವರು, ಎಂಬಂತೆ.

ಮೋನಿಷಾ ಉಸಿರು ಬಿಟ್ಟಳು. ಆ ಉಸಿರಿನಲ್ಲಿ ನೆಮ್ಮದಿ ಇತ್ತು. ಅದನ್ನು ಅಡಗಿಸಲು ಅವಳಿಗೆ ಬರಲಿಲ್ಲ.

ಮುಗಿಯಿತು, ಎಂದು ಬೇಲಿಯ ಕಡೆ ತಿರುಗಿದ ಭಾಗ್ಯಶ್ರೀ ಹಾಗೇ ನಿಂತಳು. ನರಸಿಂಹಯ್ಯನವರ ಮಾತು ಕಿವಿಯಲ್ಲಿ ಮತ್ತೊಮ್ಮೆ ಕೇಳಿಸಿತು. ಹೋಗಿ ಅನ್ನುವುದನ್ನು ಅವರು ಓಗಿ ಎನ್ನುತ್ತಿದ್ದರು. ಹಿಂಗೆ ಎನ್ನುವುದು ಇಂಗೆ. ಅವಳು ಕೇಳಿ ಬರೆದುಕೊಂಡಿದ್ದು ಹೊಲಿ. ಅವರು ಬಾಯಿಬಿಟ್ಟು ಅಂದದ್ದು ಅದಲ್ಲ.

ತಿರುಗಿ ನಾಯಿಯನ್ನು ನೋಡಿದಳು. ದನಿ ತಾನಾಗಿಯೇ ಮೆತ್ತಗಾಯಿತು.

"ಒಲಿ, ಕೆಂಚಿ. ಒಲಿ."

ನಾಯಿಯ ಮೈಯೆಲ್ಲ ಒಮ್ಮೆ ಜುಮ್ಮೆಂದಂತೆ ಕಂಡಿತು. ಮರುಕ್ಷಣ ಅದು ಕಂಬಗಳ ನಡುವೆ ಇತ್ತು. ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ. ಕೆಂಚು ದಾರವೊಂದನ್ನು ಯಾರೋ ಸರಸರನೆ ಎಳೆದ ಹಾಗೆ. ಒಂದು ಕಂಬವೂ ಅಲುಗಲಿಲ್ಲ.

ಸಾಲು ಮುಗಿಸಿದ ನಾಯಿ ಭಾಗ್ಯಶ್ರೀಯ ಬಳಿ ಬರಲಿಲ್ಲ, ಮೋನಿಷಾಳ ಬಳಿಯೂ ಬರಲಿಲ್ಲ. ನೇರ ಗೇಟಿನ ಹತ್ತಿರ ಓಡಿ, ಮುಂಗಾಲನ್ನು ಕಂಬಿಗೆ ಕೊಟ್ಟು ನಿಂತು, ಬಾಲ ಆಡಿಸುತ್ತ ರಸ್ತೆಯ ಎರಡೂ ಬದಿ ಹುಡುಕಿತು.

ರಸ್ತೆಯಲ್ಲಿ ಯಾರೂ ಇರಲಿಲ್ಲ.

ಮೋನಿಷಾ ಹೋಗಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಕುತ್ತಿಗೆಗೆ ಕೈ ಹಾಕಿದಳು.

* * *

ಹೆಬ್ಬಾಳದಲ್ಲಿರುವ ಪಶುವೈದ್ಯ ಮೊಯಿನುದ್ದೀನರ ಕ್ಲಿನಿಕ್ಕಿಗೆ ನಾಯಿಯೂ ಸೇರಿ ಮೂವರೂ ಆಟೋದಲ್ಲಿ ಹೊರಟರು. ಭಾಗ್ಯಶ್ರೀಯ ಕಾರು ಮೈದಾನದ ಹೊರಗೇ ನಿಂತಿತ್ತು.

"ಕಾರಿಗೆ ಹತ್ತಲ್ಲ ಮೇಡಂ," ಎಂದಿದ್ದಳು ಮೋನಿಷಾ. "ಬಾಗಿಲು ಹಾಕಿ ಗ್ಲಾಸ್ ಏರ್ಸಿದ್ರೆ ನಡುಗೋಕೆ ಶುರು ಮಾಡ್ತಾಳೆ. ಜೊಲ್ಲು ಸುರಿಯುತ್ತೆ. ಮೊದಲ ದಿನದಿಂದ್ಲೂ ಹಾಗೇ. ಆಟೋ ಆದ್ರೆ ರಾಣಿ ಥರ ಕೂರ್ತಾಳೆ."

ನಿಜವೇ. ಫ್ಲೈಓವರ್ ಮೇಲೆ ಗಾಳಿಗೆ ಕಿವಿ ಹಾರಿಸುತ್ತ ಕೂತ ರಾಣಿ, ಇಳಿಜಾರಿಗೆ ಬರುವಷ್ಟರಲ್ಲಿ ಗದ್ದವನ್ನು ಭಾಗ್ಯಶ್ರೀಯ ಮೊಣಕಾಲ ಮೇಲೆ ಇಟ್ಟಳು. ಭಾಗ್ಯಶ್ರೀ ಕಾಲು ಬಿಗಿಹಿಡಿದು ಕೂತಳು. ಸಿಗ್ನಲ್ ಬಂತು, ಹೋಯಿತು. ಗದ್ದ ಅಲ್ಲೇ ಇತ್ತು. ಕೊನೆಗೆ ಅವಳು ಒಂದು ಬೆರಳಿನಿಂದ ಆ ಮಡಚಿದ ಕಿವಿಯನ್ನು ಮುಟ್ಟಿ ನೋಡಿದಳು. ಬೆಚ್ಚಗಿತ್ತು.

ಡಾಕ್ಟರು ಹೆಗಲುಗಳ ನಡುವೆ ಸ್ಕ್ಯಾನರ್ ಹಿಡಿದರು. ಕೀ ಎಂದಿತು. ಕಳೆದ ವಾರದ್ದೇ ಸಂಖ್ಯೆ. ರೂಬಿಯದು.

"ಇನ್ನೊಂದು ಚಿಪ್ ಇರೋ ಸಾಧ್ಯತೆ ಉಂಟಾ ಡಾಕ್ಟ್ರೆ?" ಭಾಗ್ಯಶ್ರೀ ಕೇಳಿದಳು.

"ಎರಡು ಯಾಕೆ ಹಾಕ್ತಾರೆ?"

"ಮೊದಲನೇದು ಯಾರಿಗೂ ಸಿಗಬಾರದು ಅಂತಿದ್ರೆ?"

ಮೊಯಿನುದ್ದೀನ್ ಅವಳನ್ನೊಮ್ಮೆ ನೋಡಿದರು. "ಹಳೇ ಚಿಪ್ ಕೆಲವು ಸಲ ಚರ್ಮದ ಕೆಳಗೆ ಜಾರಿ ಇಳಿದುಬಿಡುತ್ತೆ. ನೋಡೋಣ ಇರಿ."

ಸ್ಕ್ಯಾನರ್ ನಿಧಾನವಾಗಿ ಹೆಗಲಿನಿಂದ ಕೆಳಗಿಳಿಯಿತು. ಪಕ್ಕೆ. ಬಲಗಾಲು. ಏನೂ ಇಲ್ಲ. ಎಡ ಮುಂಗಾಲಿನ ಗಂಟಿನ ಹತ್ತಿರ ಬಂದಾಗ ಮತ್ತೆ ಕೀ ಎಂದಿತು.

ಪರದೆಯ ಮೇಲೆ ಬೇರೆಯೇ ಸಂಖ್ಯೆ. ಭಾಗ್ಯಶ್ರೀ ಮೊಬೈಲು ತೆರೆದು ನರಸಿಂಹಯ್ಯ ಕೊಟ್ಟಿದ್ದ ಸಂಖ್ಯೆಯನ್ನು ಪಕ್ಕದಲ್ಲಿ ಹಿಡಿದಳು. ಮೊದಲಿನಿಂದ ಕೊನೆಯವರೆಗೂ ಅದೇ.

ನಾಯಿಯ ತಲೆ ಹಿಡಿದುಕೊಂಡಿದ್ದ ಮೋನಿಷಾಳ ಮುಖದಿಂದ ಬಣ್ಣ ಇಳಿದುಹೋಯಿತು. ಗೊತ್ತಿದ್ದೇ ಕದ್ದ ನಾಯಿ ಕೊಂಡಿರಬಹುದೆಂದು ಭಾಗ್ಯಶ್ರೀ ಈ ಹುಡುಗಿಯನ್ನು ಎರಡು ವಾರದಿಂದ ಅನುಮಾನಿಸಿದ್ದಳು. ಆ ಅನುಮಾನ ಅಲ್ಲಿಗೆ ಬಿಟ್ಟಿತು. ಹೀಗೆ ನಟಿಸಲು ಯಾರಿಂದಲೂ ಸಾಧ್ಯವಿಲ್ಲ.

"ಇದನ್ನೂ ನೋಡಿ," ಎಂದರು ಡಾಕ್ಟರು. ನಾಯಿಯ ಮುಂಗಾಲನ್ನು ಎತ್ತಿ ಹಿಡಿದಿದ್ದರು. "ಈ ಎರಡು ಉಗುರು ಸೊಟ್ಟ ಬೆಳೆದಿವೆ. ಆ ಕಾಲಲ್ಲೂ ಒಂದು. ಬುಡದಿಂದ ಕಿತ್ತುಹೋಗಿ ಮತ್ತೆ ಬಂದಿರೋದು. ಗಟ್ಟಿಯಾದ್ದೇನನ್ನೋ ಬಹಳ ಹೊತ್ತು ಕೆರೆದಿದೆ ಪಾಪ. ತಗಡೋ, ಕಬ್ಬಿಣದ ಬಾಗಿಲೋ. ಬಿಡಿಸ್ಕೊಳ್ಳೋಕೆ."

"ಕೂಡಿ ಹಾಕಿದ್ರು ಅಂತೀರಾ?"

"ನಾನು ಉಗುರಿನ ವಿಷಯ ಹೇಳ್ದೆ. ಯಾರು ಏನು ಮಾಡಿದ್ರು ಅನ್ನೋದು ನಿಮ್ಮ ಕೆಲಸ."

ಹೊರಗೆ ಬಂದಾಗ ಬಿಸಿಲು ಏರಿತ್ತು. ಏಪ್ರಿಲ್ ತಿಂಗಳ, ಕಣ್ಣು ಕುಕ್ಕುವ ಬಿಸಿಲು. ಮೋನಿಷಾ ತನ್ನ ನೆರಳನ್ನು ನಾಯಿಯ ಮೇಲೆ ಬೀಳಿಸಿ ನಿಂತು ಕೇಳಿದಳು.

"ನಾನು ಕೊಟ್ಬಿಡ್ಬೇಕಾ ಮೇಡಂ?"

ಭಾಗ್ಯಶ್ರೀ ಮಾತು ತಿರುಗಿಸಿದಳು. "ನೀನು ಇವಳನ್ನ ಯಾರಿಂದ ತಗೊಂಡೆ ಅಂದಿದ್ದೆ?"

"ಜಾಲಹಳ್ಳಿ ಉಮೇಶ್ ಅವರಿಂದ. ಇವಳನ್ನ ಸಾಕೋರಿಲ್ಲ, ಚೆನ್ನಾಗಿ ನೋಡ್ಕೋ ಅಂತ ಕೊಟ್ರು. ಕೊಡೋವಾಗ ಅವರ ಕಣ್ಣಲ್ಲಿ ನೀರಿತ್ತು."

ಅದೇ ಉಮೇಶ. ನಾಯಿ ತಳಿಗಾರ. ಕೆಂಚಿ ಹುಟ್ಟಿದ್ದು ಅವನ ಮನೆಯಲ್ಲಿ, ಸತ್ತಳು ಎನ್ನುವುದೂ ಅವನ ಮನೆಯಲ್ಲೇ.

"ನೀನು ಮೈದಾನಕ್ಕೆ ಹೋಗಿರು. ಯಾರಿಗೂ ಏನೂ ಹೇಳ್ಬೇಡ. ನಾನು ಜಾಲಹಳ್ಳಿಗೆ ಹೋಗಿ ಬರ್ತೀನಿ."

* * *

ಹಳೆಯ ಫ್ಯಾಕ್ಟರಿ ಕ್ವಾರ್ಟರ್ಸ್‌ನ ಹಿಂದೆ, ದೊಡ್ಡ ಮಳೆಮರದ ನೆರಳಲ್ಲಿ ಉಮೇಶನ ನಾಯಿಮನೆ ಇತ್ತು. ಭಾಗ್ಯಶ್ರೀ ಒಳಗೆ ಕಾಲಿಟ್ಟೊಡನೆ ಬಾಗಿಲುಗಳನ್ನು ನೋಡಿದಳು. ತಗಡನ್ನು, ಕೆರೆದ ಗುರುತನ್ನು ಹುಡುಕಿದಳು.

ತಗಡು ಎಲ್ಲೂ ಇರಲಿಲ್ಲ. ಮರದ ಚೌಕಟ್ಟು, ತಂತಿಬಲೆ. ತೊಳೆದ ನೆಲ. ಗೋಡೆಗೊಂದು ಫ್ಯಾನು. ಮೂಲೆಯ ಮರದ ಪೆಟ್ಟಿಗೆಯಲ್ಲಿ ಇನ್ನೂ ಕಣ್ಣು ಬಿಡದ ಮರಿಗಳು ತಾಯಿಯ ಹೊಟ್ಟೆಗೆ ಅಂಟಿಕೊಂಡು ಮಲಗಿದ್ದವು.

ಐವತ್ತರ ಆಸುಪಾಸಿನ ಉಮೇಶ ಜರ್ಮನ್ ಶೆಫರ್ಡ್ ಒಂದರ ಬೆನ್ನು ಬಾಚುತ್ತಿದ್ದ. ನಾಯಿ ಸುಖಕ್ಕೆ ಕಣ್ಣು ಮುಚ್ಚಿ ತನ್ನ ಭಾರವನ್ನೆಲ್ಲ ಅವನ ಮೊಣಕಾಲಿಗೆ ಬಿಟ್ಟಿತ್ತು.

"ಕೆಂಚೀನ ಎಲ್ಲಿ ಹೂತ್ರಿ?" ಭಾಗ್ಯಶ್ರೀ ನಿಂತಲ್ಲಿಂದಲೇ ಕೇಳಿದಳು.

ಬಾಚಣಿಗೆ ನಿಲ್ಲಲಿಲ್ಲ. "ಆ ಸಂಪಿಗೆ ಗಿಡದ ಬುಡದಲ್ಲಿ. ನರಸಿಂಹಣ್ಣನೇ ಬಂದು ಮಣ್ಣು ಹಾಕಿದ್ರು. ಕೇಳಿ ಬೇಕಾದ್ರೆ."

"ಕೇಳಿದ್ದೀನಿ. ಗೋಣಿಚೀಲ ಬಿಚ್ಚೋಕೆ ನೀವು ಬಿಡ್ಲಿಲ್ವಂತೆ. ಸೋಂಕು ತಗಲುತ್ತೆ ಅಂದ್ರಂತೆ."

"ಹೂಂ."

"ಅಗೆಸ್ಲಾ?"

ಆಗ ಬಾಚಣಿಗೆ ನಿಂತಿತು. ಉಮೇಶ ಅದರ ಹಲ್ಲಿನಿಂದ ಕೂದಲುಂಡೆ ಬಿಡಿಸಿ ಪಕ್ಕಕ್ಕಿಟ್ಟ. "ಅಗೆದ್ರೆ ಒಂದು ಹಳೇ ಕಂಬಳಿ ಸಿಗುತ್ತೆ ಮೇಡಂ. ಇನ್ನೇನೂ ಇಲ್ಲ."

ಇಷ್ಟು ಸುಲಭವಾಗಿ ಒಪ್ಪಿಕೊಳ್ಳುತ್ತಾನೆಂದು ಭಾಗ್ಯಶ್ರೀ ಎಣಿಸಿರಲಿಲ್ಲ. ಅದೇ ಅವಳ ಸಿಟ್ಟನ್ನು ಕೆರಳಿಸಿತು.

"ಬೇರೆಯವರ ನಾಯೀನ ಸತ್ತೋಯ್ತು ಅಂತ ಸುಳ್ಳು ಹೇಳಿದ್ರಿ. ಹೊಸ ಚಿಪ್ ಹಾಕಿ, ಹೊಸ ಹೆಸರಿಟ್ಟು ಬೇರೆಯವರಿಗೆ ಕೊಟ್ರಿ. ಆ ಮುದುಕರು ಕಂಬಳಿಗೆ ಮಣ್ಣು ಹಾಕಿ ಅತ್ತಿದ್ದಾರೆ, ಗೊತ್ತಾ? ಅದು ಸಾಲದು ಅಂತ ಅವಳನ್ನ ಕೂಡಿ ಹಾಕಿದ್ರಿ. ಉಗುರು ಕಿತ್ತುಬರೋ ಹಾಗೆ."

ಉಮೇಶ ತಲೆ ಎತ್ತಿದ. ಮೊದಲ ಸಲ ಅವನ ದನಿ ಬದಲಾಯಿತು. "ಕೂಡಿ ಹಾಕಿದ್ದು ನಿಜ. ಹಾಕಿದೋನು ನಾನಲ್ಲ."

"ಮತ್ತೆ?"

"ಕೂತ್ಕೊಳ್ಳಿ ಮೇಡಂ."

ಅವಳು ಕೂರಲಿಲ್ಲ. ಅವನು ಹೇಳತೊಡಗಿದ.

"ಇದೇ ಏಪ್ರಿಲ್ ಬಿಸಿಲು. ಮಧ್ಯಾಹ್ನ ಗೊರಗುಂಟೆಪಾಳ್ಯ ಜಂಕ್ಷನ್ನಿಂದ ಒಂದು ಫೋನ್ ಬಂತು. ಹೂ ಮಾರೋ ಹೆಂಗಸು. ರಸ್ತೆ ಪಕ್ಕ ನಿಂತಿರೋ ವ್ಯಾನೊಳಗೆ ನಾಯಿ ಬಿದ್ದಿದೆ, ಕಲ್ಲಲ್ಲಿ ಗಾಜು ಒಡೆದು ತೆಗೆದಿದ್ದೀನಿ, ಕೊರಳಲ್ಲಿ ಈ ನಂಬರ್ ಇತ್ತು ಅಂದ್ಳು. ನಾನು ಕೊಡೋ ಮರಿಗಳ ಬಿಲ್ಲೆ ಮೇಲೆಲ್ಲ ನನ್ನ ನಂಬರ್ ಇರುತ್ತೆ."

ಜರ್ಮನ್ ಶೆಫರ್ಡ್ ಅವನ ಕೈಯನ್ನು ಮೂತಿಯಿಂದ ತಳ್ಳಿತು. ಅವನು ಅದರ ತಲೆ ಸವರಿದ.

"ಹೋಗಿ ನೋಡಿದ್ರೆ ಕೆಂಚಿ. ಮೈ ಕಾದ ಹೆಂಚು. ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಕಿಟಕಿ ಪೂರ್ತಿ ಮುಚ್ಚಿತ್ತಂತೆ. ಬಾಗಿಲು ಕೆರೆದೂ ಕೆರೆದೂ ಕಾಲೆಲ್ಲ ರಕ್ತ. ಆ ಹೆಂಗಸು ತನ್ನ ಹೂವಿನ ಒದ್ದೆ ಬಟ್ಟೇನ ಅವಳ ಮೇಲೆ ಹೊದಿಸಿ ಗಾಳಿ ಬೀಸ್ತಾ ಕೂತಿದ್ಳು. ಆಸ್ಪತ್ರೇಲಿ ಡ್ರಿಪ್ ಹಾಕಿದ್ರು. ಉಳಿಯಲ್ಲ ಅಂದ್ರು. ಉಳಿದ್ಳು."

ಭಾಗ್ಯಶ್ರೀಗೆ ಕೇಳಲು ಮನಸ್ಸಾಗಲಿಲ್ಲ. ಆದರೂ ಕೇಳಿದಳು. "ವ್ಯಾನು ಯಾರದು?"

"ಇನ್ಯಾರದು ಮೇಡಂ? ನರಸಿಂಹಣ್ಣಂದೇ."

ಮರಿಗಳಲ್ಲೊಂದು ನಿದ್ದೆಯಲ್ಲೇ ಕುಂಯ್ ಎಂದಿತು.

"ಅವರು ಅಲ್ಲಿಂದ ಬಸ್ ಹತ್ತಿ ಮನೆಗೆ ಹೋಗಿ, ಕೈಕಾಲು ತೊಳ್ಕೊಂಡು ಊಟಕ್ಕೆ ಕೂತಿದ್ದಾರೆ. ನಾಯಿ ಎಲ್ಲಿ ಅಂತ ಅವರ ಹೆಂಡತಿ, ನಮ್ಮತ್ತಿಗೆ, ಕೇಳಿದ್ದಕ್ಕೆ, ಉಮೇಶನ ಹತ್ರ ಬಿಟ್ಟು ಬಂದೆ ಅಂದ್ರಂತೆ. ಸುಳ್ಳು ಹೇಳಿದ್ದಲ್ಲ. ಹಾಗೇ ಅಂತ ನಂಬಿದ್ರು. ಅದಕ್ಕೂ ಮುಂಚೆ ಒಲೆ ಮೇಲೆ ಹಾಲಿಟ್ಟು ಮರೆಯೋದು, ಕೊಟ್ಟ ದುಡ್ಡೇ ಮತ್ತೆ ಕೊಡೋದು, ಇಂಥವಿತ್ತಂತೆ. ವಯಸ್ಸು ಅಂದ್ಕೊಂಡಿದ್ರು. ಆಮೇಲೆ ಅತ್ತಿಗೆ ಡಾಕ್ಟ್ರಿಗೆ ತೋರಿಸಿದ್ರು. ಮರೆವಿನ ಕಾಯಿಲೆ. ಎಷ್ಟೋ ದಿನ ನಮಗಿಂತ ಚುರುಕಾಗಿರ್ತಾರೆ. ಯಾವುದೋ ಒಂದು ಗಳಿಗೇಲಿ ಎಲ್ಲ ಜಾರಿಹೋಗುತ್ತೆ."

ಭಾಗ್ಯಶ್ರೀ ಈಗ ಕೂತಳು.

ಭೇಟಿಯಾದಾಗಲೆಲ್ಲ ನರಸಿಂಹಯ್ಯ ಅವಳ ತವರೂರು ಯಾವುದೆಂದು ಕೇಳುತ್ತಿದ್ದರು. ಶಿರಾ ಎಂದರೆ ಪ್ರತಿ ಸಲವೂ ಅದೇ ಖುಷಿ, "ಅಲ್ಲಿ ಕುರಿ ಚೆಂದ ಕಣಮ್ಮ" ಎಂದು ಅದೇ ಮಾತು. ದೊಡ್ಡವರ ಪ್ರೀತಿ ಎಂದುಕೊಂಡಿದ್ದಳು ಅವಳು.

"ಸತ್ತಳು ಅಂತ ಹೇಳೋ ಯೋಚನೆ ನಿಮ್ಮದಾ?"

"ಅತ್ತಿಗೇದು. ಗಂಗರತ್ನಮ್ಮಂದು. ಇಲ್ಲೇ, ನೀವು ಕೂತಿರೋ ಕಡೆ, ಕೆಂಚಿ ತಲೇನ ತೊಡೆ ಮೇಲೆ ಇಟ್ಕೊಂಡು ಕೂತಿದ್ರು. 'ಬದ್ಕವ್ಳೆ ಅಂದ್ರೆ ಕರ್ಕೊಂಡೋಗ್ತಾರೆ ಉಮೇಶ. ಇನ್ನೊಂದ್ ಸಲ ಮರೀತಾರೆ. ಇಂಗ್ ಮಾಡ್ದೋನು ನಾನೇ ಅಂತ ಗೊತ್ತಾದ್ರೆ ಆ ಮನುಸ ಉಳಿಯಾಕಿಲ್ಲ. ಓದ್ಲು ಅಂತ ಏಳ್ಬಿಡಪ್ಪ. ನಾಯಿನೂ ಉಳೀಲಿ, ಅವ್ರೂ ಉಳೀಲಿ' ಅಂದ್ರು."

"ನೀವು ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಂಡ್ರಿ."

"ನನ್ನ ಮನೇಲಿ ಸೋಂಕು ತಗಲಿ ಹೋದ್ಲು ಅಂದೆ. ಬೇರೆ ಏನು ಹೇಳ್ಲಿ?" ಉಮೇಶ ಸಣ್ಣಗೆ ನಕ್ಕ. "ಒಂದು ಡಾಗ್ ಶೋನಲ್ಲಿ, ರಿಂಗ್ ಪಕ್ಕದಲ್ಲೇ, ಎಲ್ಲರ ಎದುರು ಉಗಿದ್ರು ನಂಗೆ. ಕೊಲೆಗಾರ ಅಂದ್ರು. ಆಮೇಲೆ ಒಂದು ವರ್ಷ ನನ್ನ ಹತ್ರ ಮರಿ ಕೇಳ್ಕೊಂಡು ಯಾರೂ ಬರಲಿಲ್ಲ."

"ಬೇಜಾರಾಗ್ಲಿಲ್ವಾ?"

"ಆಯ್ತು. ಆದ್ರೆ ಮೇಡಂ, ನಾನು ಫ್ಯಾಕ್ಟರಿಗೆ ಸೇರ್ದಾಗ ಇಡೀ ಊರಲ್ಲಿ ನಂಗೆ ಯಾರೂ ಗೊತ್ತಿರಲಿಲ್ಲ. ಒಂದಿನ ಅಂಗಿಯೊಳಗೆ ಮರಿ ಬಚ್ಚಿಟ್ಕೊಂಡು ಬಂದು, ತಗೋ ಜೊತೆಗಿರ್ಲಿ ಅಂತ ಕೊಟ್ಟೋರು ಅವರು. ನಾಯಿ ಬಾಚೋದು ಹೆಂಗೆ, ಹೆದರಿದ ನಾಯಿ ಹತ್ರ ಹೋಗೋದು ಹೆಂಗೆ, ಎಲ್ಲ ಅವರೇ ಕಲಿಸಿದ್ದು. ಉಗೀಲಿ ಬಿಡಿ."

ಭಾಗ್ಯಶ್ರೀಯ ಕಣ್ಣು ಪೆಟ್ಟಿಗೆಯ ಮರಿಗಳ ಕಡೆ ಹೋಯಿತು. ಒಂದರ ಮೇಲೊಂದು ಹತ್ತಿ ಜಾರಿ ಬೀಳುತ್ತಿದ್ದವು. ತಾಯಿ ತಾಳ್ಮೆಯಿಂದ ಒಂದೊಂದನ್ನೇ ನೆಕ್ಕಿ ಹತ್ತಿರಕ್ಕೆ ಎಳೆದುಕೊಳ್ಳುತ್ತಿತ್ತು.

"ಮೋನಿಷಾಗೇ ಯಾಕೆ ಕೊಟ್ರಿ?"

"ಇನ್ನೂ ಕೆಲವರು ಕೇಳಿದ್ರು. ಬಂಗಲೆ ಇರೋರು. ಇವಳು ಬಂದು ನೆಲದ ಮೇಲೆ ಸುಮ್ಮನೆ ಕೂತಳು. ಕೈ ಚಾಚಲಿಲ್ಲ, ಕರೀಲಿಲ್ಲ. ಸಂಜೆ ಹೊತ್ತಿಗೆ ಕೆಂಚಿನೇ ಎದ್ದು ಹೋಗಿ ಪಕ್ಕದಲ್ಲಿ ಮಲಗಿದ್ಳು." ಉಮೇಶ ಸೇರಿಸಿದ. "ಮತ್ತೆ, ಆ ಹುಡುಗಿ ಹತ್ರ ಕಾರಿಲ್ಲ."

ಕಳ್ಳನನ್ನು ಹಿಡಿಯಲು ಬಂದಿದ್ದಳು ಭಾಗ್ಯಶ್ರೀ. ಇಲ್ಲಿ ಕಳ್ಳನಿರಲಿಲ್ಲ. ಒಂದು ನಾಯಿಯನ್ನೂ ಒಬ್ಬ ಮನುಷ್ಯನನ್ನೂ ಒಟ್ಟಿಗೆ ಉಳಿಸಲು ಇಬ್ಬರು ಹೇಳಿದ ಒಂದು ಸುಳ್ಳಿತ್ತು. ಆ ಸುಳ್ಳನ್ನು ಬಿಡಿಸಿ ಕೊಡಿ ಎಂದು ಅವಳ ಬಳಿ ಬಂದಿದ್ದುದು ಅದೇ ಮನುಷ್ಯ.

"ನಾನು ಅವರಿಗೆ ಏನಂತ ಹೇಳ್ಲಿ ಉಮೇಶ್?"

"ಅತ್ತಿಗೇನ ಕೇಳಿ. ಎರಡು ವರ್ಷದಿಂದ ಆಯಮ್ಮ ಒಬ್ಬರೇ ಹೊತ್ಕೊಂಡಿದ್ದಾರೆ. ವ್ಯಾನಿನ ಕೀ ಸಹ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು, ಕೆಟ್ಟಿದೆ ಅಂತ ಹೇಳಿ ಅವರನ್ನ ಬಸ್ಸಲ್ಲಿ ಕಳಿಸ್ತಾರೆ."

ಭಾಗ್ಯಶ್ರೀಯ ಮೊಬೈಲು ಗುಂಯ್‌ಗುಟ್ಟಿತು. ಮೋನಿಷಾ.

"ಮೇಡಂ, ನಾನು ಸರಿ ಮಾಡಿದ್ನೋ ತಪ್ಪು ಮಾಡಿದ್ನೋ ಗೊತ್ತಾಗ್ತಿಲ್ಲ." ಹುಡುಗಿಯ ದನಿ ಅಳುವಿನ ಅಂಚಿನಲ್ಲಿತ್ತು. "ನಾನು ಮೈದಾನಕ್ಕೆ ಬರೋ ಹೊತ್ತಿಗೆ ನರಸಿಂಹಯ್ಯ ಅಂಕಲ್ ಗೇಟಲ್ಲಿ ಕಾಯ್ತಾ ನಿಂತಿದ್ರು. ನಾನೇನೂ ಹೇಳ್ಲಿಲ್ಲ. ಅವಳೇ ಓಡಿಹೋಗಿ ಅವರ ಎದೆಗೆ ಹಾರಿಬಿಟ್ಳು. ಅಂಕಲ್ ನೆಲದ ಮೇಲೆ ಕೂತು ಅತ್ತುಬಿಟ್ರು. ಸ್ವಲ್ಪ ಹೊತ್ತು ಕೆರೆ ಹತ್ರ ಸುತ್ತಾಡಿಸಿ ತರ್ತೀನಿ ಮಗಳೇ ಅಂದ್ರು. ಬೇಡ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ."

"ಸರಿ, ಇರ್ಲಿ. ನಡ್ಕೊಂಡು ಹೋದ್ರಾ?"

"ಇಲ್ಲ ಮೇಡಂ. ವ್ಯಾನಲ್ಲಿ. ಕಾರು ಕಂಡ್ರೆ ನಡುಗೋಳು ಅವರ ಹಿಂದೆ ತಾನೇ ಹತ್ತಿಬಿಟ್ಳು. ಹೋಗಿ ಒಂದು ಗಂಟೆ ಮೇಲಾಯ್ತು. ಕೆರೆ ಪೂರ್ತಿ ಸುತ್ತಿ ಬಂದೆ, ಎಲ್ಲೂ ಇಲ್ಲ. ಫೋನ್ ಎತ್ತುತ್ತಿಲ್ಲ."

ಅಕ್ಕಿ ಡಬ್ಬದ ಕೀ ಹೇಗೋ ಮುದುಕರ ಕೈಗೆ ಸಿಕ್ಕಿತ್ತು. ಉಮೇಶ ಆಗಲೇ ಎದ್ದು ಬೈಕಿನ ಕೀಗೆ ಕೈ ಹಾಕಿದ್ದ. ಅವಳ ಮುಖ ನೋಡಿದ್ದೇ ಸಾಕಾಗಿತ್ತು ಅವನಿಗೆ. ಹೊರಗೆ ಮಳೆಮರದ ನೆರಳಿನಾಚೆ ರಸ್ತೆಯ ಡಾಂಬರು ಬಿಸಿಗೆ ನೀರಿನಂತೆ ಮಿನುಗುತ್ತಿತ್ತು.

ಭಾಗ್ಯಶ್ರೀ ನರಸಿಂಹಯ್ಯನವರ ನಂಬರು ಒತ್ತಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಒತ್ತಿದಳು. ಕೊನೆಯ ಗಂಟೆಗೆ ಎತ್ತಿದರು.

"ಯಾರು, ಭಾಗ್ಯಮ್ಮನಾ?" ದನಿ ನಿರಾಳವಾಗಿತ್ತು. ಹಿಂದೆ ಲೋಟ ತಟ್ಟೆಗಳ ಸದ್ದು.

"ಸರ್, ಎಲ್ಲಿದ್ದೀರಿ?"

"ಓಟ್ಲಲ್ಲಿ ಇವ್ನಿ ಕಣಮ್ಮ. ದ್ವಾಸೆ ಏಳಿವ್ನಿ. ಫ್ಯಾನ್ ಕೆಳಗೆ ಕೂತಿವ್ನಿ, ಏನ್ ಬಿಸ್ಲು ಅಂತೀಯ ಆಚೆ."

"ಯಾವ ಹೋಟ್ಲು ಸರ್? ವ್ಯಾನ್ ಎಲ್ಲಿ ನಿಲ್ಲಿಸಿದ್ದೀರಿ?"

"ವ್ಯಾನಾ? ಅದು ಕೆಟ್ಟು ಮನೇಲೈತೆ. ನಾನು ಬಸ್ಸಲ್ಲಿ ಬಂದೆ."

ಭಾಗ್ಯಶ್ರೀ ಕಣ್ಣು ಮುಚ್ಚಿಕೊಂಡಳು. ಮಗುವನ್ನು ಕೇಳುವ ಹಾಗೆ ಕೇಳಿದಳು. "ಸರ್, ಕೆಂಚಿ ಎಲ್ಲಿದ್ದಾಳೆ?"

ಆ ಕಡೆ ಯಾರೋ ಕಾಫಿ ಕೂಗಿದರು. ನರಸಿಂಹಯ್ಯ ಮಾತಾಡಿದಾಗ ಅವರ ದನಿಯಲ್ಲಿದ್ದುದು ಕನಿಕರ, ಅದೂ ಅವಳ ಬಗ್ಗೆ.

"ಕೆಂಚಿ ಸತ್ತು ಎರಡು ವರ್ಸ ಆಯ್ತಲ್ಲ ತಾಯಿ. ನಿಂಗ್ಯಾರೂ ಏಳ್ಲಿಲ್ವಾ?"